ಸತೀವುಸ್, ಸತೀವ, ಸತೀವುಮ್: ಒಂದು ಲ್ಯಾಟಿನ್ ವಿಶೇಷಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭತ್ತ, ಮೂಲಂಗಿ, ಬೆಳ್ಳುಳ್ಳಿ, ಕೊತ್ತಂಬರಿ, ಸೌತೆಕಾಯಿ. ಈ ಐದರ ಸಸ್ಯಶಾಸ್ತ್ರದ ಹೆಸರಿನಲ್ಲೂ ಎರಡನೇ ಪದ ಒಂದೇ. ಆದರೆ ಒಂದು ಕಡೆ ಅದು ‘ಸತೀವುಸ್’, ಇನ್ನೊಂದು ಕಡೆ ‘ಸತೀವ’, ಮತ್ತೊಂದು ಕಡೆ ‘ಸತೀವುಮ್’.

ನಾನು ಬಿಎಸ್ಸಿ ಓದುವಾಗ ಕೊತ್ತಂಬರಿ ಗಿಡವನ್ನು ಬೇರು ಸಮೇತ ಒಣಗಿಸಿ, ಹರ್ಬೇರಿಯಂ ಹಾಳೆಗೆ ಅಂಟಿಸಿ, ಕೆಳಗೆ ‘ಕೊರಿಯಾಂಡ್ರುಮ್ ಸತೀವ’ ಎಂದು ಬರೆದಿದ್ದೆ. ಮೇಷ್ಟ್ರು ಕೊನೆಯ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಉಮ್’ ಎಂದಷ್ಟೇ ಬರೆದು ಕೊಟ್ಟರು. ಯಾಕೆ ಅಂತ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಈಗ ನಾನು ಪಾಠ ಮಾಡುವಾಗ ಮಕ್ಕಳು ಅದನ್ನೇ ಕೇಳುತ್ತಾರೆ. ಕೈತೋಟ ಮಾಡುವ ಗೆಳೆಯರೂ ಬೀಜದ ಪೊಟ್ಟಣ ಹಿಡಿದುಕೊಂಡು ಅದನ್ನೇ ಕೇಳುತ್ತಾರೆ. ಅವರೆಲ್ಲರಿಗಾಗಿ ಇದನ್ನು ಬರೆದಿದ್ದೇನೆ.

ಸತೀವುಸ್ ಅಂದರೆ ಏನು?

‘ಬಿತ್ತಿದ’, ‘ಬಿತ್ತಿ ಬೆಳೆದ’. ತಾನಾಗಿ ಹುಟ್ಟಿದ್ದಲ್ಲ, ಕಾಡಿನದ್ದಲ್ಲ, ಮನುಷ್ಯ ನೆಲ ಹದ ಮಾಡಿ ಹಾಕಿದ್ದು ಎಂದರ್ಥ. ನಾವು ಕಾಡುಹಂದಿ, ಊರಹಂದಿ ಅನ್ನುತ್ತೇವಲ್ವಾ, ಆ ‘ಊರ’ ಅನ್ನುವ ಭಾವ ಗಿಡಕ್ಕೆ ಬಂದರೆ ಹೇಗೋ ಹಾಗೆ.

ಕೆಲವು ಪುಸ್ತಕಗಳಲ್ಲಿ ಇದಕ್ಕೆ ‘ಉಪಯುಕ್ತ’, ‘ತಿನ್ನಲು ಯೋಗ್ಯ’ ಅಂತ ಅರ್ಥ ಕೊಟ್ಟಿರುತ್ತಾರೆ. ಅದು ತಪ್ಪು. ತಿನ್ನಬಹುದಾದದ್ದಕ್ಕೆ ಲ್ಯಾಟಿನ್‌ನಲ್ಲಿ ಬೇರೆ ಪದಗಳಿವೆ. ನಮ್ಮ ಕೆಸುವಿನ ಹೆಸರು ‘ಕೊಲೊಕಾಸಿಯ ಎಸ್ಕುಲೆಂತ’. ಆ ‘ಎಸ್ಕುಲೆಂತ’ ಅಂದರೆ ತಿನ್ನುವಂಥದ್ದು. ಸತೀವುಸ್ ಹೇಳುವುದು ರುಚಿಯ ಮಾತಲ್ಲ, ಬೇಸಾಯದ ಮಾತು.

ಈ ಪದ ಹುಟ್ಟಿದ್ದು ಹೇಗೆ?

ಲ್ಯಾಟಿನ್‌ನಲ್ಲಿ ‘ಸೆರೋ’ ಎಂದರೆ ‘ನಾನು ಬಿತ್ತುತ್ತೇನೆ’. ‘ಸೆರೆರೆ’ ಎಂದರೆ ಬಿತ್ತುವುದು. ‘ಬಿತ್ತಲ್ಪಟ್ಟ’ ಅನ್ನುವುದಕ್ಕೆ ‘ಸತುಸ್’. ಈ ‘ಸತುಸ್’ಗೆ ‘ಈವುಸ್’ ಎಂಬ ಪ್ರತ್ಯಯ ಸೇರಿ ಸತೀವುಸ್ ಆಯಿತು. ಇದೇ ಅಚ್ಚಿನಲ್ಲಿ ಇನ್ನೂ ಎಷ್ಟೋ ಪದಗಳಿವೆ. ‘ಕಪ್ತುಸ್’ ಅಂದರೆ ಹಿಡಿಯಲ್ಪಟ್ಟವನು, ‘ಕಪ್ತೀವುಸ್’ ಅಂದರೆ ಸೆರೆಯಾಳು. ‘ನಾತುಸ್’ ಅಂದರೆ ಹುಟ್ಟಿದ, ‘ನಾತೀವುಸ್’ ಅಂದರೆ ಹುಟ್ಟಿನಿಂದ ಬಂದ. ನಾವು ‘ನಿಮ್ಮ ನೇಟಿವ್ ಯಾವುದು?’ ಅಂತ ಕೇಳುವಾಗ ಬಾಯಿಗೆ ಬರುವ ‘ನೇಟಿವ್’ ಇದೇ.

‘ಸತುಸ್’ ಮತ್ತು ‘ಸತೀವುಸ್’ ನಡುವೆ ಸಣ್ಣ ವ್ಯತ್ಯಾಸ ಇದೆ. ಸತುಸ್ ಒಂದು ಕೆಲಸ ಮುಗಿದದ್ದನ್ನು ಹೇಳುತ್ತದೆ: ಈ ಕಾಳು ಬಿತ್ತಿ ಆಯಿತು. ಸತೀವುಸ್ ಒಂದು ಜಾತಿಯ ಗುಣವನ್ನೇ ಹೇಳುತ್ತದೆ: ಇದು ಬಿತ್ತಿ ಬೆಳೆಯುವಂಥದ್ದು. ನಿಮ್ಮ ಗದ್ದೆಯಲ್ಲಿ ಈ ವರ್ಷ ಬಿತ್ತಿದ ಭತ್ತ ಸತುಸ್ ಬಗೆಯದು. ಇನ್ನೂ ಕಣಜದಲ್ಲೇ ಇರುವ ಭತ್ತಕ್ಕೂ ಸತೀವುಸ್ ಸಲ್ಲುತ್ತದೆ.

ಇದೇ ಬೇರಿನಿಂದ ಬಂದ ಇನ್ನೆರಡು ಪದಗಳು ನಮ್ಮ ದಿನದ ಮಾತಿನಲ್ಲೂ ಇವೆ. ಲ್ಯಾಟಿನ್‌ನಲ್ಲಿ ಬಿತ್ತನೆಗೆ ‘ಸತಿಯೋ’ ಎನ್ನುತ್ತಿದ್ದರು. ಅದು ಫ್ರೆಂಚ್ ಮೂಲಕ ಹಾದು ಇಂಗ್ಲಿಷಿಗೆ ‘ಸೀಸನ್’ ಆಗಿ ಬಂತು. ‘ಮಾವಿನ ಸೀಸನ್’ ಅನ್ನುವಾಗ ನಾವು ಹಳೆಯ ಬಿತ್ತನೆಯ ಹಂಗಾಮನ್ನೇ ಹೇಳುತ್ತಿರುತ್ತೇವೆ. ಬೀಜಕ್ಕೆ ‘ಸೇಮೆನ್’ ಅನ್ನುತ್ತಾರೆ. ಅದರಿಂದ ಬಂದ ‘ಸೇಮಿನಾರಿಯುಮ್’ ಅಂದರೆ ಸಸಿಮಡಿ. ಕಾಲೇಜಿನ ‘ಸೆಮಿನಾರ್’ ಅದರ ಮೊಮ್ಮಗು.

ಸಂಸ್ಕೃತದ ‘ಸತೀ’ಗೂ ಇದಕ್ಕೂ ನಂಟು ಇದೆಯಾ?

ಇಲ್ಲ. ಸಂಸ್ಕೃತದ ಸತೀ ‘ಅಸ್’ ಧಾತುವಿನಿಂದ, ಅಂದರೆ ‘ಇರು’ ಅನ್ನುವುದರಿಂದ ಬಂದದ್ದು. ಇದು ಬಿತ್ತುವ ಧಾತುವಿನಿಂದ ಬಂದದ್ದು. ಕಿವಿಗೆ ಒಂದೇ ಥರ ಕೇಳುತ್ತದೆ, ಅಷ್ಟೇ. ಲ್ಯಾಟಿನ್‌ನಲ್ಲೇ ‘ಸಾಕು’ ಎಂಬ ಅರ್ಥದ ‘ಸತಿಸ್’ ಇದೆ. ಅದೂ ಬೇರೆ. ‘ಪೋಣಿಸು’ ಎಂಬ ಅರ್ಥದ ಇನ್ನೊಂದು ‘ಸೆರೋ’ ಕೂಡ ಇದೆ. ‘ಸೀರೀಸ್’ ಎಂಬ ಪದ ಬಂದದ್ದು ಅದರಿಂದ. ಅದೂ ಬೇರೆಯೇ.

ಬೀಜವನ್ನೇ ಬಿತ್ತದ ಗಿಡಕ್ಕೂ ಈ ಹೆಸರು ಯಾಕೆ?

ಒಳ್ಳೆಯ ಪ್ರಶ್ನೆ. ಕೇಸರಿಯನ್ನೇ ತೆಗೆದುಕೊಳ್ಳಿ. ಅದರ ಹೆಸರು ‘ಕ್ರೊಕುಸ್ ಸತೀವುಸ್’. ಆದರೆ ಕೇಸರಿ ಗಿಡ ಬೀಜವನ್ನೇ ಕಟ್ಟುವುದಿಲ್ಲ. ಅದರ ಕೋಶದಲ್ಲಿ ವರ್ಣತಂತುಗಳು ಎರಡು ಪ್ರತಿಗಳ ಬದಲು ಮೂರು ಪ್ರತಿಗಳಲ್ಲಿವೆ, ಹಾಗಾಗಿ ಅದು ಬಂಜೆ. ಕಾಶ್ಮೀರದ ಪಾಂಪೋರಿನ ಹೊಲಗಳಲ್ಲಿ ಕೇಸರಿ ಬೆಳೆಯುವುದು ಈರುಳ್ಳಿಯ ಹಾಗೆ ಕಾಣುವ ಸಣ್ಣ ಗಡ್ಡೆಗಳಿಂದ. ಅದನ್ನು ಮನುಷ್ಯ ಕಿತ್ತು, ಬಿಡಿಸಿ, ಮತ್ತೆ ನೆಡಬೇಕು. ಮನುಷ್ಯ ಕೈಬಿಟ್ಟರೆ ಆ ಗಿಡ ಹೊಸ ಜಾಗಕ್ಕೆ ಹೋಗುವ ದಾರಿಯೇ ಇಲ್ಲ. ಬೆಳ್ಳುಳ್ಳಿಯದೂ ಸುಮಾರು ಇದೇ ಕಥೆ. ನಾವು ಹೂಳುವುದು ಎಸಳನ್ನು. ಅದರ ಹೆಸರು ‘ಅಲ್ಲಿಯುಮ್ ಸತೀವುಮ್’.

ಹಾಗಾದರೆ ಹೆಸರು ತಪ್ಪೇ? ಅಲ್ಲ. ಲ್ಯಾಟಿನ್‌ನ ‘ಸೆರೆರೆ’ ನಮ್ಮ ‘ಬಿತ್ತು’ಗಿಂತ ಅಗಲ. ಅದರಲ್ಲಿ ನೆಡುವುದೂ ಸೇರಿದೆ. ಹಳೆಯ ಕವಿ ಕೈಸಿಲಿಯುಸ್‌ನ ಒಂದು ಸಾಲನ್ನು ರೋಮನ್ ಲೇಖಕ ಸಿಸೆರೋ ಮುಪ್ಪಿನ ಬಗ್ಗೆ ಬರೆದ ಕೃತಿಯಲ್ಲಿ ತರುತ್ತಾನೆ: ಮುದುಕ ಮುಂದಿನ ತಲೆಮಾರಿಗೆ ಆಗಲಿ ಎಂದು ಮರ ನೆಡುತ್ತಾನೆ. ಅಲ್ಲಿ ‘ನೆಡುತ್ತಾನೆ’ ಅನ್ನುವುದಕ್ಕೆ ಇರುವ ಪದ ‘ಸೆರಿತ್’, ಇದೇ ಕ್ರಿಯಾಪದ. ಯುರೋಪಿನ ಚೆಸ್ಟ್‌ನಟ್ ಮರಕ್ಕೂ ‘ಕಸ್ತನೆಯ ಸತೀವ’ ಎಂಬ ಹೆಸರಿರುವುದು ವಿಚಿತ್ರ ಅಲ್ಲ. ನನ್ನ ಮಟ್ಟಿಗೆ ಈ ಪದ ಅತಿ ಹೆಚ್ಚು ಒಪ್ಪುವುದು ಕೇಸರಿಗೇ. ಮನುಷ್ಯನ ಕೈ ಇಲ್ಲದೆ ಬಾಳಲಾರದ ಗಿಡ ಅದು.

ಕನ್ನಡದಲ್ಲಿ ಹೇಗೆ ಉಚ್ಚರಿಸಬೇಕು, ಹೇಗೆ ಬರೆಯಬೇಕು?

ಇಂಗ್ಲಿಷ್ ರೂಢಿಯಲ್ಲಿ ಕಲಿತವರು ‘ಸಟೈವಾ’ ಅನ್ನುತ್ತಾರೆ. ಕ್ಲಾಸಿನಲ್ಲಿ ಅದು ನಡೆಯುತ್ತದೆ. ಲ್ಯಾಟಿನ್ ಓದಿನ ಪ್ರಕಾರ ಮೊದಲ ‘ಸ’ ಹ್ರಸ್ವ, ‘ತೀ’ ದೀರ್ಘ, ಒತ್ತು ಬೀಳುವುದು ‘ತೀ’ ಮೇಲೆ. ‘ತ’ ನಮ್ಮ ಹಲ್ಲಿನ ‘ತ’ವೇ, ‘ಟ’ ಅಲ್ಲ. ರೋಮನ್ನರ ಕಾಲದ ‘ವ’ ತುಟಿ ದುಂಡಗೆ ಮಾಡಿ ಹೇಳುವ ವಕಾರ.

ಇದರಲ್ಲಿ ನಮಗೆ ಒಂದು ಅನುಕೂಲ ಇದೆ. ಲ್ಯಾಟಿನ್ ಸಾಮಾನ್ಯ ಬರಹದಲ್ಲಿ ಹ್ರಸ್ವ, ದೀರ್ಘ ಕಾಣುವುದಿಲ್ಲ. ಕಲಿಯುವವರಿಗಾಗಿ ಅಕ್ಷರದ ಮೇಲೆ ಗೆರೆ ಎಳೆದು ತೋರಿಸಬೇಕು. ಕನ್ನಡ ಲಿಪಿಯಲ್ಲಿ ಅದು ತಾನಾಗಿಯೇ ಕಾಣುತ್ತದೆ. ‘ಸತೀವ’ ಎಂದರೆ ಪ್ರಥಮಾ ವಿಭಕ್ತಿ, ‘ಸತೀವಾ’ ಎಂದರೆ ಪಂಚಮೀ. ರೋಮನ್ ಲಿಪಿಯಲ್ಲಿ ಎರಡೂ ಒಂದೇ ಥರ. ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ಸುಮ್ನೆ ದೀರ್ಘ ಎಳೆಯಬೇಡಿ.

ಒಂದೇ ಪದಕ್ಕೆ ಮೂರು ರೂಪ ಯಾಕೆ?

ಲ್ಯಾಟಿನ್‌ನಲ್ಲಿ ವಿಶೇಷಣ ತಾನು ಯಾವ ನಾಮಪದಕ್ಕೆ ಸೇರಿದೆಯೋ ಅದರ ಲಿಂಗ, ವಚನ, ವಿಭಕ್ತಿಯನ್ನು ಹೊದ್ದುಕೊಳ್ಳಬೇಕು. ಕನ್ನಡದಲ್ಲಿ ಹಾಗಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ: ‘ಒಳ್ಳೆಯ’ ಕದಲುವುದಿಲ್ಲ. ಹಾಗಾಗಿ ನಮಗೆ ಇದು ಮೊದಲಿಗೆ ತೊಡಕು ಅನ್ನಿಸುತ್ತದೆ.

ಶಾಲೆಯಲ್ಲಿ ಸಂಸ್ಕೃತ ಕಲಿತವರಿಗೆ ಮಾತ್ರ ಇದು ಹಳೆಯ ಪರಿಚಯ. ಸಂಸ್ಕೃತದಲ್ಲಿ ‘ಹೊಸ’ ಅನ್ನುವುದಕ್ಕೆ ನವಃ, ನವಾ, ನವಮ್. ಲ್ಯಾಟಿನ್‌ನಲ್ಲಿ ನೊವುಸ್, ನೊವ, ನೊವುಮ್. ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಎರಡೂ ಒಂದೇ ಮೂಲದ ಪದಗಳು. ಸತೀವುಸ್, ಸತೀವ, ಸತೀವುಮ್ ಅದೇ ಅಚ್ಚು: ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ.

ಇಲ್ಲಿ ಲಿಂಗ ಅಂದರೆ ಗಂಡು, ಹೆಣ್ಣು ಅಲ್ಲ, ಪದದ ಲಿಂಗ. ಸಂಸ್ಕೃತದಲ್ಲಿ ಹೆಂಡತಿಗೆ ಮೂರು ಪದ ಇವೆ. ‘ದಾರಾಃ’ ಪುಲ್ಲಿಂಗ, ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರಮ್’ ನಪುಂಸಕ. ಅಂಥದ್ದೇ ಇದು.

ಯಾವ ಗಿಡಕ್ಕೆ ಯಾವ ರೂಪ ಎಂದು ತಿಳಿಯುವುದು ಹೇಗೆ?

ಎರಡನೇ ಪದವನ್ನು ನೋಡಬೇಡಿ, ಮೊದಲನೆಯದನ್ನು ಕೇಳಿ. ಕುಲದ ಹೆಸರೇ ಯಜಮಾನ. ವಿಶೇಷಣ ಅದರ ಹಿಂದೆ ನಡೆಯುತ್ತದೆ. ಸಸ್ಯಗಳ ಹೆಸರಿಡುವ ಅಂತರರಾಷ್ಟ್ರೀಯ ಸಂಹಿತೆಯ 23ನೇ ವಿಧಿಯಲ್ಲೂ ಈ ನಿಯಮ ಇದೆ.

ಸುಲಭದವು ಮೊದಲು. ‘ಉಸ್’ ಕೊನೆಯ ರಫನುಸ್ (ಮೂಲಂಗಿ) ಪುಲ್ಲಿಂಗ, ಹಾಗಾಗಿ ರಫನುಸ್ ಸತೀವುಸ್. ‘ಅ’ ಕೊನೆಯವು ಸ್ತ್ರೀಲಿಂಗ: ಭತ್ತ ಒರೀಜ ಸತೀವ, ಕರಿಜೀರಿಗೆ ನಿಗೆಲ್ಲ ಸತೀವ, ಓಟ್ಸ್ ಅವೇನ ಸತೀವ, ಲೆಟ್ಯೂಸ್ ಲಕ್ತೂಕ ಸತೀವ. ‘ಉಮ್’ ಕೊನೆಯವು ನಪುಂಸಕ: ಅಲ್ಲಿಯುಮ್ ಸತೀವುಮ್, ಕೊರಿಯಾಂಡ್ರುಮ್ ಸತೀವುಮ್. ನನ್ನ ಹಾಳೆಯ ಮೇಲೆ ಬಿದ್ದ ಕೆಂಪು ಸುತ್ತು ಇದಕ್ಕೇ.

ಇಷ್ಟಕ್ಕೆ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಪ್ರಾಸ ಹೊಂದಿಸಿದರೆ ಸಾಲದು. ಸೌತೆಕಾಯಿ ‘ಕುಕುಮಿಸ್’, ಗಾಂಜಾ ಗಿಡ ‘ಕನ್ನಬಿಸ್’. ಎರಡೂ ‘ಇಸ್’ನಲ್ಲಿ ಮುಗಿಯುತ್ತವೆ. ಆದರೆ ಕುಕುಮಿಸ್ ಪುಲ್ಲಿಂಗ, ಕನ್ನಬಿಸ್ ಸ್ತ್ರೀಲಿಂಗ. ಅದಕ್ಕೇ ಒಂದು ಕುಕುಮಿಸ್ ಸತೀವುಸ್, ಇನ್ನೊಂದು ಕನ್ನಬಿಸ್ ಸತೀವ. ಕುದುರೆ ಮೆಂತ್ಯದ ಹೆಸರು ‘ಮೆದಿಕಾಗೊ’. ಅದು ಸ್ತ್ರೀಲಿಂಗ, ಆದ್ದರಿಂದ ಮೆದಿಕಾಗೊ ಸತೀವ.

ಮರಗಳದ್ದು ಇನ್ನೊಂದು ಬಗೆ. ಲ್ಯಾಟಿನ್‌ನಲ್ಲಿ ಮರದ ಹೆಸರುಗಳು ‘ಉಸ್’ನಲ್ಲಿ ಮುಗಿದರೂ ಹೆಚ್ಚಾಗಿ ಸ್ತ್ರೀಲಿಂಗ. ಹುಣಸೆ ‘ತಮರಿಂದುಸ್ ಇಂದಿಕ’, ಹಿಪ್ಪುನೇರಳೆ ‘ಮೋರುಸ್ ಅಲ್ಬ’, ಅರಳಿ ‘ಫೀಕುಸ್ ರೆಲಿಗಿಯೋಸ’. ಲಾಲ್‌ಬಾಗಿಗೆ ಹೋದಾಗ ಮರಗಳ ಫಲಕಗಳನ್ನು ಈ ಕಣ್ಣಿನಿಂದ ಒಮ್ಮೆ ಓದಿ.

ಗ್ರೀಕಿನಿಂದ ಬಂದ ಹೆಸರುಗಳು ಇನ್ನೂ ಜಾಸ್ತಿ ಎಚ್ಚರ ಕೇಳುತ್ತವೆ. ಮಧುನಾಶಿನಿ ಬಳ್ಳಿಯ ಹೆಸರು ‘ಗಿಮ್ನೇಮ’. ‘ಅ’ದಲ್ಲಿ ಮುಗಿದರೂ ನಪುಂಸಕ, ಯಾಕೆಂದರೆ ಗ್ರೀಕಿನಲ್ಲಿ ನೂಲು ಎಂಬ ಅರ್ಥದ ‘ನೇಮ’ ನಪುಂಸಕ.

ಪೂರ್ತಿ ವಿಭಕ್ತಿ ರೂಪಗಳನ್ನು ಒಂದೇ ಕಡೆ ಕೊಡುತ್ತೀರಾ?

ಕೊಡುತ್ತೇನೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ, ಈ ಕ್ರಮದಲ್ಲೇ ಓದಿಕೊಳ್ಳಿ.

ಏಕವಚನ:
ಪ್ರಥಮಾ: ಸತೀವುಸ್, ಸತೀವ, ಸತೀವುಮ್
ದ್ವಿತೀಯಾ: ಸತೀವುಮ್, ಸತೀವಮ್, ಸತೀವುಮ್
ಚತುರ್ಥೀ: ಸತೀವೋ, ಸತೀವೈ, ಸತೀವೋ
ಪಂಚಮೀ: ಸತೀವೋ, ಸತೀವಾ, ಸತೀವೋ
ಷಷ್ಠೀ: ಸತೀವೀ, ಸತೀವೈ, ಸತೀವೀ

ಬಹುವಚನ:
ಪ್ರಥಮಾ: ಸತೀವೀ, ಸತೀವೈ, ಸತೀವ
ದ್ವಿತೀಯಾ: ಸತೀವೋಸ್, ಸತೀವಾಸ್, ಸತೀವ
ಚತುರ್ಥೀ, ಪಂಚಮೀ: ಮೂರಕ್ಕೂ ಸತೀವೀಸ್
ಷಷ್ಠೀ: ಸತೀವೋರುಮ್, ಸತೀವಾರುಮ್, ಸತೀವೋರುಮ್

ಸಂಬೋಧನೆ ಪುಲ್ಲಿಂಗ ಏಕವಚನದಲ್ಲಿ ಮಾತ್ರ ಬೇರೆ: ‘ಸತೀವೆ’. ಉಳಿದದ್ದೆಲ್ಲ ಪ್ರಥಮೆಯ ಹಾಗೆಯೇ. ಸಂಸ್ಕೃತದ ದ್ವಿವಚನ ಇಲ್ಲಿಲ್ಲ. ತೃತೀಯೆಯ ಕೆಲಸವನ್ನು ಪಂಚಮಿಯೇ ಮಾಡುತ್ತದೆ.

ಬಾಯಿಪಾಠ ಮಾಡುವವರಿಗೆ ಒಂದು ಮಾತು. ಬರೀ ವಿಶೇಷಣವನ್ನು ಹೇಳಬೇಡಿ, ನಾಮಪದದ ಜೊತೆ ಹೇಳಿ. ‘ಅಲ್ಲಿಯುಮ್ ಸತೀವುಮ್ ಎಮೋ’, ಬೆಳ್ಳುಳ್ಳಿ ಕೊಳ್ಳುತ್ತೇನೆ. ‘ಸೇಮೆನ್ ಒರೀಜೈ ಸತೀವೈ’, ಭತ್ತದ ಬೀಜ. ‘ಕುಮ್ ಕ್ರೊಕೋ ಸತೀವೋ’, ಕೇಸರಿಯ ಜೊತೆ. ಇದರಲ್ಲಿ ಎರಡು ಪದದ ಕೊನೆಯೂ ಒಂದೇ ಥರ ಕೇಳುತ್ತದೆ. ಸೌತೆಕಾಯಿಗೆ ಬಂದಾಗ ಹಾಗಾಗುವುದಿಲ್ಲ. ಷಷ್ಠಿಯಲ್ಲಿ ಅದು ‘ಕುಕುಮೆರಿಸ್ ಸತೀವೀ’. ಕುಕುಮಿಸ್ ಬೇರೆ ಗುಂಪಿನ ನಾಮಪದ, ಅದರ ಪ್ರತ್ಯಯ ಅದಕ್ಕೆ, ಇದರ ಪ್ರತ್ಯಯ ಇದಕ್ಕೆ. ಹೊಂದಬೇಕಾದದ್ದು ಲಿಂಗ, ವಚನ, ವಿಭಕ್ತಿ. ಕೊನೆಯ ಅಕ್ಷರ ಹೊಂದಲೇಬೇಕು ಅಂತೇನಿಲ್ಲ.

ಪ್ರಥಮಾ ಬಿಟ್ಟು ಉಳಿದ ರೂಪಗಳು ಎಲ್ಲಾದರೂ ಕಣ್ಣಿಗೆ ಬೀಳುತ್ತವೆಯೇ?

ಬೀಳುತ್ತವೆ, ಹೆಚ್ಚಾಗಿ ಔಷಧಗಳ ಜಗತ್ತಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಔಷಧಸಸ್ಯಗಳ ಸಂಪುಟದಲ್ಲಿ ಬೆಳ್ಳುಳ್ಳಿಯ ಅಧ್ಯಾಯದ ತಲೆಬರಹ ‘ಬುಲ್ಬುಸ್ ಅಲ್ಲಿಯೀ ಸತೀವೀ’. ಅಂದರೆ ಅಲ್ಲಿಯುಮ್ ಸತೀವುಮ್‌ನ ಗಡ್ಡೆ. ಎರಡೂ ಪದ ಒಟ್ಟಿಗೆ ಷಷ್ಠಿಗೆ ತಿರುಗಿವೆ. ಹೋಮಿಯೋಪಥಿ ಅಂಗಡಿಯ ಸೀಸೆಗಳ ಮೇಲೆ ಮಾತ್ರ ಸಾಮಾನ್ಯವಾಗಿ ಪ್ರಥಮೆಯೇ: ಅವೇನ ಸತೀವ.

ಇದಕ್ಕೆ ‘ಹೆಚ್ಚು’, ‘ಅತಿ ಹೆಚ್ಚು’ ಎಂಬ ತಾರತಮ್ಯ ರೂಪ ಇದೆಯೇ?

ಅದರ ಅರ್ಥವೇ ಅದಕ್ಕೆ ಅವಕಾಶ ಕೊಡುವುದಿಲ್ಲ. ಒಂದೋ ಬಿತ್ತಿ ಬೆಳೆದದ್ದು, ಇಲ್ಲವೇ ಅಲ್ಲ.

ಇದರ ಎದುರು ಪದ ಯಾವುದು?

‘ಸಿಲ್ವೆಸ್ತ್ರಿಸ್’, ಕಾಡಿನ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ರೋಮನ್ ಲೇಖಕ ಪ್ಲಿನಿ ತನ್ನ 37 ಭಾಗಗಳ ‘ನ್ಯಾಚುರಾಲಿಸ್ ಹಿಸ್ಟೋರಿಯಾ’ದಲ್ಲಿ ಗಿಡಗಳನ್ನು ಹೇಳುವಾಗ ಇದು ಸತೀವುಸ್, ಅದು ಸಿಲ್ವೆಸ್ತ್ರಿಸ್ ಎಂದು ಬೇರೆ ಮಾಡುತ್ತಾನೆ.

ಈ ಪದದ ಅಚ್ಚು ಬೇರೆ. ಪುಲ್ಲಿಂಗಕ್ಕೂ ಸ್ತ್ರೀಲಿಂಗಕ್ಕೂ ಹೆಸರುಗಳಲ್ಲಿ ‘ಇಸ್’, ನಪುಂಸಕಕ್ಕೆ ‘ಎ’. ನಮ್ಮ ಈಚಲು ‘ಫೀನಿಕ್ಸ್ ಸಿಲ್ವೆಸ್ತ್ರಿಸ್’. ಆಗ ಹೇಳಿದ ಮಧುನಾಶಿನಿ ‘ಗಿಮ್ನೇಮ ಸಿಲ್ವೆಸ್ತ್ರೆ’. ಶುಂಠಿಯ ಹೆಸರಿನ ಎರಡನೇ ಪದ ‘ಒಫ್ಫಿಕಿನಾಲೆ’ ಕೂಡ ಇದೇ ಗುಂಪಿನದು.

ಇಷ್ಟೊಂದು ಬೆಳೆಗಳಿಗೆ ಒಂದೇ ಹೆಸರು ಬಂದದ್ದು ಯಾರಿಂದ?

ಸ್ವೀಡನ್ನಿನ ಲಿನೇಯಸ್‌ನಿಂದ. 1753ರಲ್ಲಿ ಬಂದ ಅವನ ‘ಸ್ಪೀಷೀಸ್ ಪ್ಲಾಂಟಾರಮ್’ನಲ್ಲಿ ಗಿಡಗಳಿಗೆ ಉದ್ದುದ್ದ ಲ್ಯಾಟಿನ್ ವರ್ಣನೆಗಳೇ ಅಧಿಕೃತ ಹೆಸರುಗಳಾಗಿದ್ದವು. ಜೊತೆಗೆ ನೆನಪಿಗೆ ಅನುಕೂಲ ಆಗಲಿ ಎಂದು ಪುಟದ ಅಂಚಿನಲ್ಲಿ ಒಂದೊಂದೇ ಪದ ಬರೆದ. ಅಂಚಿನ ಆ ಪದವೇ ಮುಂದೆ ಎರಡು ಪದದ ಹೆಸರಿನ ಎರಡನೇ ಭಾಗವಾಗಿ ನಿಂತಿತು. ಭತ್ತ, ಬೆಳ್ಳುಳ್ಳಿ, ಕೊತ್ತಂಬರಿ, ಮೂಲಂಗಿ, ಸೌತೆ, ಕೇಸರಿ, ಇವೆಲ್ಲವೂ ಆ ಪುಸ್ತಕದಿಂದಲೇ ಬಂದವು.

ಗಾಂಜಾದಲ್ಲಿ ‘ಸತೀವ’, ‘ಇಂದಿಕ’ ಎಂದು ಎರಡು ಬಗೆ ಹೇಳುತ್ತಾರಲ್ಲ?

ಲಿನೇಯಸ್ ಇಟ್ಟದ್ದು ಯುರೋಪಿನಲ್ಲಿ ನಾರಿಗಾಗಿ ಬಿತ್ತುತ್ತಿದ್ದ ಗಿಡಕ್ಕೆ, ಅದಕ್ಕೇ ಸತೀವ. 1785ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲಮಾರ್ಕ್ ಭಾರತದಿಂದ ಬಂದ ಗಿಡಕ್ಕೆ ‘ಇಂದಿಕ’ ಎಂದ, ಅಂದರೆ ‘ಭಾರತದ’. ಒಂದು ಬೇಸಾಯ ಹೇಳುತ್ತದೆ, ಇನ್ನೊಂದು ಊರು ಹೇಳುತ್ತದೆ. ಎರಡರಲ್ಲೂ ಅಮಲಿನ ಮಾತಿಲ್ಲ. ಇಂದು ಬಹಳಷ್ಟು ಸಸ್ಯಶಾಸ್ತ್ರಜ್ಞರು ಎರಡನ್ನೂ ಒಂದೇ ಜಾತಿ ಎಂದು ಎಣಿಸುತ್ತಾರೆ.

ಭತ್ತ ಬಿಟ್ಟರೆ ಬೇರೆ ‘ಒರೀಜ’ಗಳನ್ನು ಯಾರೂ ಬಿತ್ತುವುದಿಲ್ಲವೇ?

ಬಿತ್ತುತ್ತಾರೆ. ಪಶ್ಚಿಮ ಆಫ್ರಿಕಾದಲ್ಲಿ ಅಲ್ಲಿನವರೇ ಪಳಗಿಸಿದ ಇನ್ನೊಂದು ಭತ್ತ ಇದೆ, ‘ಒರೀಜ ಗ್ಲಬೆರ್ರಿಮ’. ಅದೂ ಅಪ್ಪಟ ಬೇಸಾಯದ ಬೆಳೆ, ಆದರೆ ಹೆಸರು ‘ತುಂಬಾ ನುಣುಪಾದ’ ಎಂದು. ಹೆಸರು ಒಂದು ಗುರುತು ಮಾತ್ರ. ಸತೀವ ಇಲ್ಲ ಅಂದ ಮಾತ್ರಕ್ಕೆ ಅದು ಕಾಡು ಗಿಡ ಅಂತಲ್ಲ. ರಾಗಿ, ಜೋಳಕ್ಕೂ ಈ ವಿಶೇಷಣ ಇಲ್ಲ.

ಗಿಡ ಬೇರೆ ಕುಲಕ್ಕೆ ಹೋದರೆ ಈ ಪದ ಏನಾಗುತ್ತದೆ?

ಸಾಮಾನ್ಯವಾಗಿ ಹೊಸ ಮನೆಯ ಲಿಂಗಕ್ಕೆ ತಕ್ಕಂತೆ ಕೊನೆ ಬದಲಾಯಿಸಿಕೊಂಡು ಜೊತೆಗೇ ಹೋಗುತ್ತದೆ. ಬಟಾಣಿಯದು ಮಾತ್ರ ಸ್ವಾರಸ್ಯ. ನಾವೆಲ್ಲ ಓದಿದ್ದು ‘ಪಿಸುಮ್ ಸತೀವುಮ್’. ಈಚೆಗೆ ಕೆಲವು ದೊಡ್ಡ ಸಸ್ಯಪಟ್ಟಿಗಳು ಬಟಾಣಿಯನ್ನು ‘ಲಥಿರುಸ್’ ಕುಲಕ್ಕೆ ಸೇರಿಸಿವೆ. ಲಥಿರುಸ್ ಪುಲ್ಲಿಂಗ, ಹಾಗಾಗಿ ಅದು ‘ಲಥಿರುಸ್ ಸತೀವುಸ್’ ಆಗಬೇಕಿತ್ತು, ಅಲ್ವಾ? ಆದರೆ ಆ ಹೆಸರು ಮೊದಲೇ ಬೇರೊಂದು ಗಿಡಕ್ಕೆ ಸಂದಿತ್ತು. 1753ರಲ್ಲೇ ಲಿನೇಯಸ್ ಅದನ್ನು ಕೇಸರಿ ಬೇಳೆಯ ಗಿಡಕ್ಕೆ ಕೊಟ್ಟಿದ್ದ. ಒಂದೇ ಕುಲದಲ್ಲಿ ಎರಡು ಗಿಡಕ್ಕೆ ಒಂದೇ ಹೆಸರು ಇರುವಂತಿಲ್ಲ. ಹಾಗಾಗಿ ಆ ಪಟ್ಟಿಗಳಲ್ಲಿ ಬಟಾಣಿ ‘ಲಥಿರುಸ್ ಒಲೆರಾಕೆಯುಸ್’ ಆಗಿದೆ, ಅಂದರೆ ತರಕಾರಿ ತೋಟದ್ದು. ಪಠ್ಯಪುಸ್ತಕದಲ್ಲಿ ಮೆಂಡೆಲ್‌ನ ಬಟಾಣಿಯ ಪಾಠ ಓದುವಾಗ ನೀವು ಕಾಣುವುದು ಇನ್ನೂ ಹಳೆಯ ಹೆಸರೇ. ಅಲ್ಲಿ ‘ಪಿಸುಮ್’ ನಪುಂಸಕ, ಆದ್ದರಿಂದ ಕೊನೆ ‘ಉಮ್’.